ಹೊಟ್ಟೆಗೆ ಬ್ಯಾಗ್ ಬರುವ ಮೊದಲು: ಸ್ಟೋಮಾ ಇರುವವರಿಂದಲೇ ಕೇಳಿ ಕಲಿಯುವುದು ಹೇಗೆ?

ಮಲ ಹೋಗಲು ಹೊಟ್ಟೆಯ ಮೇಲೆ ದಾರಿ (ಇದಕ್ಕೇ ಸ್ಟೋಮಾ ಎನ್ನುವುದು) ಮಾಡಿ ಬ್ಯಾಗ್ ಹಾಕಬೇಕಾಗುತ್ತದೆ ಎಂದು ಡಾಕ್ಟರ್ ಹೇಳಿದಾಗ ಹೆಚ್ಚಿನವರು ಎರಡೇ ಪ್ರಶ್ನೆ ಕೇಳುತ್ತಾರೆ. ಜೀವಕ್ಕೆ ತೊಂದರೆ ಇಲ್ಲ ಅಲ್ವಾ? ಖರ್ಚು ಎಷ್ಟಾಗಬಹುದು? ಉಳಿದ ಪ್ರಶ್ನೆಗಳು ರಾತ್ರಿ ನಿದ್ದೆ ಬಾರದಾಗ ಒಂದೊಂದಾಗಿ ಬರುತ್ತವೆ. ಪಂಚೆ ಉಡಬಹುದಾ? ಬಸ್ಸಿನಲ್ಲಿ ಪಕ್ಕದವರಿಗೆ ವಾಸನೆ ಬಂದರೆ? ದೇವಸ್ಥಾನಕ್ಕೆ ಹೋಗಬಹುದಾ? ನಾನು ಮಾಡಿದ ಅಡುಗೆ ಮನೆಯವರು ಊಟ ಮಾಡುತ್ತಾರಾ? ಇವನ್ನೆಲ್ಲ ಸರ್ಜನ್ ಹತ್ತಿರ ಕೇಳಲು ನಾಚಿಕೆ. ಕೇಳಿದರೂ ಅವರಿಗೆ ಗೊತ್ತಿರುವುದು ಹೊಟ್ಟೆಯ ಒಳಗಿನ ವಿಷಯ. ಪಂಚೆಯ ವಿಷಯ ಗೊತ್ತಿರುವುದು ಬ್ಯಾಗ್ ಹಾಕಿಕೊಂಡೇ ಪಂಚೆ ಉಡುವವನಿಗೆ.

ಹೀಗೆ ಅನುಭವ ಇದ್ದವರು ಹೊಸಬರಿಗೆ ಹೇಳಿಕೊಡುವ ಪದ್ಧತಿ ಹಳೆಯದು. ಅಮೆರಿಕದ ಓಹಿಯೋದಲ್ಲಿ ನಾರ್ಮಾ ಗಿಲ್ ಎಂಬ ಹೆಂಗಸಿದ್ದರು. ಅವರು ನರ್ಸ್ ಅಲ್ಲ. ಕರುಳಿನ ಕಾಯಿಲೆಯಿಂದ 1954ರಲ್ಲಿ ಅವರಿಗೇ ಸ್ಟೋಮಾ ಆಗಿತ್ತು. 1958ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸರ್ಜನ್ ರೂಪರ್ಟ್ ಟರ್ನ್‌ಬುಲ್ ತಮ್ಮ ರೋಗಿಗಳಿಗೆ ಹೇಳಿಕೊಡಲು ಅವರನ್ನೇ ಕೆಲಸಕ್ಕೆ ಕರೆದರು. ಇವತ್ತು ಜಗತ್ತಿನಾದ್ಯಂತ ಇರುವ ಸ್ಟೋಮಾ ನರ್ಸ್‌ಗಳ ತರಬೇತಿ ಅಲ್ಲಿಂದ ಬೆಳೆದದ್ದು. ಅಂಟಿಸುವ ಬ್ಯಾಗಿನ ಕಥೆಯೂ ಹಾಗೆಯೇ. 1954ರಲ್ಲಿ ಡೆನ್ಮಾರ್ಕ್‌ನ ನರ್ಸ್ ಎಲಿಸೆ ಸೊರೆನ್ಸನ್ ತನ್ನ ತಂಗಿ ಸ್ಟೋಮಾ ಆದ ಮೇಲೆ ಮನೆ ಬಿಟ್ಟು ಹೊರಗೆ ಬರಲು ಹೆದರುವುದನ್ನು ನೋಡಿ ಅಂಥ ಬ್ಯಾಗ್ ಯೋಚಿಸಿದರು. ಅದಕ್ಕೂ ಮೊದಲು ಜನ ರಬ್ಬರ್ ಚೀಲ, ಬಟ್ಟೆ, ಪಟ್ಟಿಗಳಲ್ಲಿ ದಿನ ದೂಡುತ್ತಿದ್ದರು.

ನನಗೂ ಸ್ಟೋಮಾ ಉಂಟು, ಶಾಶ್ವತದ್ದು. ಮಂಗಳೂರು, ಉಡುಪಿ ಕಡೆಯ ಹೊಸ ರೋಗಿಗಳನ್ನು ಹೋಗಿ ಮಾತಾಡಿಸುತ್ತೇನೆ. ಆ ಮಾತುಕತೆಗಳಲ್ಲಿ ಪದೇಪದೇ ಬರುವ ವಿಷಯಗಳನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಔಷಧಿ, ಸರ್ಜರಿ ವಿಷಯದಲ್ಲಿ ನಿಮ್ಮ ಡಾಕ್ಟರ್ ಮಾತೇ ಕೊನೆ.

ಹೆಜ್ಜೆ 1: ನಿಮ್ಮದು ಯಾವ ಸ್ಟೋಮಾ ಎಂದು ಬರೆದುಕೊಳ್ಳಿ

ಇದು ಗೊತ್ತಿಲ್ಲದೆ ಯಾರನ್ನು ಭೇಟಿಯಾದರೂ ಅರ್ಧ ಮಾತು ವ್ಯರ್ಥ. ದೊಡ್ಡ ಕರುಳನ್ನು ಹೊರಗೆ ತಂದರೆ ಕೊಲಾಸ್ಟಮಿ. ಸಾಮಾನ್ಯವಾಗಿ ಹೊಟ್ಟೆಯ ಎಡಭಾಗದಲ್ಲಿ ಇರುತ್ತದೆ, ಮಲ ಸ್ವಲ್ಪ ಗಟ್ಟಿ. ಸಣ್ಣ ಕರುಳನ್ನು ತಂದರೆ ಇಲಿಯಾಸ್ಟಮಿ. ಸಾಮಾನ್ಯವಾಗಿ ಬಲಭಾಗದಲ್ಲಿ, ಬರುವುದು ಗಂಜಿಯ ಹಾಗೆ ತೆಳ್ಳಗೆ, ಹಗಲು ರಾತ್ರಿ ಬರುತ್ತಲೇ ಇರುತ್ತದೆ. ಮೂತ್ರಕೋಶ ತೆಗೆದು ಮೂತ್ರಕ್ಕೆ ದಾರಿ ಮಾಡಿದರೆ ಯುರಾಸ್ಟಮಿ. ಈ ಮೂವರ ದಿನಚರಿ ಒಂದೇ ಅಲ್ಲ. ಕೊಲಾಸ್ಟಮಿಯವರು ಇಲಿಯಾಸ್ಟಮಿಯವರಿಗೆ ಕೊಟ್ಟ ಊಟದ ಸಲಹೆ ಕೆಲವೊಮ್ಮೆ ಆಸ್ಪತ್ರೆಗೇ ಸೇರಿಸಬಹುದು.

ಡಾಕ್ಟರ್ ಹತ್ತಿರ ಕೇಳಬೇಕಾದ್ದು ಇಷ್ಟು. ಯಾವ ಬಗೆ? ಎಡಕ್ಕೋ ಬಲಕ್ಕೋ? ತಾತ್ಕಾಲಿಕವೋ ಶಾಶ್ವತವೋ? ತಾತ್ಕಾಲಿಕ ಆದರೆ ಸುಮಾರು ಯಾವಾಗ ಮುಚ್ಚುತ್ತೀರಿ? ಗುದದ್ವಾರ ಉಳಿಯುತ್ತದೋ, ಹೊಲಿದು ಮುಚ್ಚುತ್ತೀರೋ? ತಾತ್ಕಾಲಿಕ ಸ್ಟೋಮಾವನ್ನು ಮೂರು ತಿಂಗಳ ಹೊತ್ತಿಗೆ ಮುಚ್ಚುವುದುಂಟು. ಕೀಮೋ ಇದ್ದರೆ ಇನ್ನೂ ಮುಂದೆ ಹೋಗುತ್ತದೆ. ತಾರೀಕು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೂರಬೇಡಿ, ಅದು ಮುಂದೂಡಿದಾಗ ಮನಸ್ಸು ಕುಸಿಯುತ್ತದೆ.

ಕರುಳು ತೂತಾಗಿ, ಅಪಘಾತವಾಗಿ ರಾತ್ರೋರಾತ್ರಿ ಸರ್ಜರಿ ಆದವರಿಗೆ ಇದನ್ನೆಲ್ಲ ಕೇಳಲು ಪುರುಸೊತ್ತೇ ಇರುವುದಿಲ್ಲ. ಎಚ್ಚರ ಆದಾಗ ಬ್ಯಾಗ್ ಇರುತ್ತದೆ. ಅಂಥವರು ವಾರ್ಡಿನಲ್ಲೇ ಇದೇ ಪ್ರಶ್ನೆ ಕೇಳಿ, ಮುಂದಿನ ಹೆಜ್ಜೆಗೆ ಬನ್ನಿ.

ಹೆಜ್ಜೆ 2: ಸರಿಯಾದ ವ್ಯಕ್ತಿಯನ್ನು ಹುಡುಕಿ

ಮೊದಲು ಸರ್ಜನ್ ಅಥವಾ ವಾರ್ಡ್ ಸಿಸ್ಟರ್ ಹತ್ತಿರ ನೇರವಾಗಿ ಕೇಳಿ: "ನಿಮ್ಮ ಹಳೆಯ ಪೇಷಂಟ್ ಯಾರಾದರೂ ನಮ್ಮ ಹತ್ತಿರ ಮಾತಾಡಬಹುದಾ?" ಮಂಗಳೂರಿನಲ್ಲಿ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಉಂಟು, ಕಂಕನಾಡಿ, ಅತ್ತಾವರ, ದೇರಳಕಟ್ಟೆಗಳಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಈಚೆ ಮಣಿಪಾಲ ಉಂಟು. ಇಷ್ಟು ಆಸ್ಪತ್ರೆಗಳಿರುವ ಕರಾವಳಿಯಲ್ಲಿ ಸ್ಟೋಮಾ ಇರುವವರು ಕಡಿಮೆ ಏನಲ್ಲ, ಹೊರಗೆ ಗೊತ್ತಾಗುವುದಿಲ್ಲ ಅಷ್ಟೆ. ಅದೇ ಅಲ್ವಾ ಒಳ್ಳೆಯ ಸುದ್ದಿ?

ಒಂದು ಮರ್ಯಾದೆ ಪಾಲಿಸಿ. ಹಳೆಯ ರೋಗಿಯ ನಂಬರ್ ಕೇಳಬೇಡಿ, ನಿಮ್ಮ ನಂಬರ್ ಬಿಟ್ಟುಬನ್ನಿ. ಆಸ್ಪತ್ರೆಯವರು ಅವರನ್ನು ಕೇಳಲಿ, ಒಪ್ಪಿದರೆ ಅವರೇ ಫೋನ್ ಮಾಡಲಿ. ನಮ್ಮ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ಬಗೆಯಲ್ಲಿ ನೆಂಟರು. ಬಂಟ್ವಾಳದಲ್ಲಿ ಹೇಳಿದ ಮಾತು ಸಂಜೆಯೊಳಗೆ ಕುಂದಾಪುರ ಮುಟ್ಟುತ್ತದೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರು, ಕ್ಯಾನ್ಸರ್ ವಿಭಾಗದವರು, ಬ್ಯಾಗ್ ಮಾರುವ ಮೆಡಿಕಲ್ ಅಂಗಡಿಯವರ ಮೂಲಕವೂ ಹೀಗೆಯೇ ಕೇಳಿಸಬಹುದು.

ಯಾರು ಸರಿಯಾದವರು? ಹೆಚ್ಚಿನವರು ಕಾಯಿಲೆ ನೋಡಿ ಜೋಡಿ ಮಾಡುತ್ತಾರೆ, ಕ್ಯಾನ್ಸರಿನವರಿಗೆ ಕ್ಯಾನ್ಸರಿನವರು ಎಂದು. ನನ್ನ ಅಭಿಪ್ರಾಯ ಬೇರೆ. ಸ್ಟೋಮಾದ ಬಗೆ ಒಂದೇ ಇರಬೇಕು, ಅದು ಸರಿ. ಅದಾದ ಮೇಲೆ ಬದುಕು ಹೊಂದಬೇಕು, ಕಾಯಿಲೆಯಲ್ಲ. ಬೀಡಿ ಕಟ್ಟುವ ಹೆಂಗಸಿಗೆ ದಿನವಿಡೀ ಕೂತು ಕೆಲಸ ಮಾಡುವ ಇನ್ನೊಬ್ಬ ಹೆಂಗಸು ಬೇಕು. ಮಲ್ಪೆಯಲ್ಲಿ ಬೋಟಿಗೆ ಹೋಗುವವನಿಗೆ ಬ್ಯಾಂಕ್ ಆಫೀಸರ್ ಅನುಭವದಿಂದ ಏನೂ ಸಿಗುವುದಿಲ್ಲ. ಹೆಂಗಸರಿಗೆ ಹೆಂಗಸರೇ ಆಗಬೇಕು, ಯಾಕೆಂದರೆ ಬಟ್ಟೆ ಸರಿಸಿ ತೋರಿಸಬೇಕಾಗುತ್ತದೆ. ಭಾಷೆಯೂ ಮುಖ್ಯ. ತುಳು, ಕೊಂಕಣಿ, ಬ್ಯಾರಿ ಯಾವುದೇ ಇರಲಿ, ಮನೆಯಲ್ಲಿ ಆಡುವ ಭಾಷೆಯಲ್ಲೇ ಜನ ಹೊಟ್ಟೆಯ ವಿಷಯ ಬಿಚ್ಚಿ ಮಾತಾಡುತ್ತಾರೆ.

ಹತ್ತಿರದಲ್ಲಿ ಯಾರೂ ಸಿಗದಿದ್ದರೆ ವಿಡಿಯೋ ಕಾಲ್ ಸಾಕು, ಬೆಂಗಳೂರಿನವರಾದರೂ ಆದೀತು. ಮಗುವಿಗೆ ಹುಟ್ಟಿನ ತೊಂದರೆಯಿಂದ ಸ್ಟೋಮಾ ಮಾಡಿದ್ದರೆ, ಅಂಥದ್ದೇ ಮಗುವಿನ ತಾಯಿ ತಂದೆಯನ್ನು ಹುಡುಕಿ. ಮತ್ತೆ, ಗಂಡನಿಗೆ ಸ್ಟೋಮಾ ಆದರೆ ಹೆಂಡತಿಗೂ ಒಬ್ಬರು ಬೇಕು. ಆಕೆಯ ಭಯ ಬೇರೆಯೇ ಇರುತ್ತದೆ, ಅದನ್ನು ಗಂಡನ ಎದುರು ಹೇಳಿಕೊಳ್ಳಲು ಆಗುವುದಿಲ್ಲ.

ಹೆಜ್ಜೆ 3: ಮೊದಲ ಭೇಟಿ

ಸರ್ಜರಿಗೆ ಮುಂಚೆ ಒಂದು ಸಲ, ಮನೆಗೆ ಬಂದು ವಾರ ಎರಡು ವಾರ ಆದ ಮೇಲೆ ಇನ್ನೊಂದು ಸಲ. ಇಷ್ಟಾದರೂ ಆಗಬೇಕು. ಮೊದಲ ಭೇಟಿ ಅರ್ಧ ಗಂಟೆ ಸಾಕು. ನೆಂಟರನ್ನೆಲ್ಲ ಹೊರಗೆ ಕಳಿಸಿ, ನೀವು ಬೇಕೆನ್ನುವ ಒಬ್ಬರು ಇರಲಿ.

ಬಂದವರು ನಡೆದುಕೊಂಡು ಬರುವುದನ್ನು, ಕೂರುವುದನ್ನು ಸುಮ್ನೆ ನೋಡಿ. ಬ್ಯಾಗ್ ಎಲ್ಲಿದೆ ಎಂದು ಗೊತ್ತಾಗುತ್ತದಾ? ಹತ್ತು ಮಾತು ಮಾಡದ ಕೆಲಸ ಇದೊಂದೇ ಮಾಡುತ್ತದೆ. ಆಮೇಲೆ, ಅವರಿಗೆ ಒಪ್ಪಿಗೆ ಇದ್ದರೆ, ತೋರಿಸಲು ಕೇಳಿ. ಸ್ಟೋಮಾ ಕೆಂಪಗೆ, ಒದ್ದೆಯಾಗಿ, ಬಾಯಿಯ ಒಳಗಿನ ಚರ್ಮದ ಹಾಗೆ ಇರುತ್ತದೆ. ಮೊದಲ ಸಲ ತನ್ನ ಹೊಟ್ಟೆಯಲ್ಲೇ ಅದನ್ನು ನೋಡಿ ಗಾಯ ಎಂದು ಬೆಚ್ಚಿಬೀಳುವವರು ಜಾಸ್ತಿ. ಅದು ಗಾಯವಲ್ಲ, ಮುಟ್ಟಿದರೆ ನೋಯುವುದೂ ಇಲ್ಲ. ಒರೆಸುವಾಗ ಚೂರು ರಕ್ತ ಕಾಣುವುದು ಸಹಜ. ನೋವು ಗೊತ್ತಾಗದಿರುವುದಕ್ಕೇ ಬೆಲ್ಟಿನ ಬಕಲ್, ಕಾರಿನ ಸೀಟ್‌ಬೆಲ್ಟ್ ಅದರ ಮೇಲೆ ಒತ್ತದಂತೆ ನೋಡಿಕೊಳ್ಳಬೇಕು.

ಒಂದು ಖಾಲಿ ಬ್ಯಾಗ್ ತರಲು ಹೇಳಿ. ಅದಕ್ಕೆ ಸ್ವಲ್ಪ ನೀರು ಹಾಕಿ, ಹೊಟ್ಟೆಗೆ ಅಂಟಿಸಿಕೊಂಡು ಒಂದು ದಿನ ಮನೆಯಲ್ಲಿ ಓಡಾಡಿ, ಅದನ್ನೇ ಹಾಕಿಕೊಂಡು ಮಲಗಿ. ಸರ್ಜರಿ ಆದ ಮೇಲೆ ಕೈ ಅಷ್ಟು ನಡುಗುವುದಿಲ್ಲ.

ಕೇಳಲು ನಾಚಿಕೆಯಾಗುವ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಿ. "ಶಬ್ದ ಬರುತ್ತದಾ?" ಬರುತ್ತದೆ, ಕೆಲವೊಮ್ಮೆ, ತಡೆಯಲು ಆಗುವುದಿಲ್ಲ. ಕೈಯನ್ನು ಬಟ್ಟೆಯ ಮೇಲಿಂದ ಮೆಲ್ಲಗೆ ಒತ್ತಿ ಹಿಡಿದರೆ ತಗ್ಗುತ್ತದೆ. "ವಾಸನೆ?" ಒಳ್ಳೆಯ ಬ್ಯಾಗಿನಿಂದ ವಾಸನೆ ಹೊರಗೆ ಬರುವುದಿಲ್ಲ. ಖಾಲಿ ಮಾಡುವಾಗ ಬರುತ್ತದೆ, ಅದು ಎಲ್ಲರ ಕಕ್ಕಸಿನಲ್ಲೂ ಬರುವಂಥದ್ದೇ. ಬೇರೆ ಹೊತ್ತಿನಲ್ಲಿ ವಾಸನೆ ಬಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಗ್ಯಾಸ್ ಹೋಗಲಿ ಎಂದು ಬ್ಯಾಗಿಗೆ ಸೂಜಿಯಲ್ಲಿ ಚುಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. "ಗಂಡ ಹೆಂಡತಿ ಸಂಬಂಧ?" ಗಾಯ ಮಾಗಿದ ಮೇಲೆ ಸ್ಟೋಮಾ ಅಡ್ಡಿಯಲ್ಲ. ಆದರೆ ಕೆಳಗಿನ ಭಾಗದ ಸರ್ಜರಿ, ರೇಡಿಯೇಶನ್‌ಗಳಿಂದ ನರಗಳಿಗೆ ತೊಂದರೆ ಆಗಿರಬಹುದು, ಅದನ್ನು ಡಾಕ್ಟರ್ ಹತ್ತಿರ ನೇರವಾಗಿ ಕೇಳಬೇಕು. ಗಂಡಸರು ಇದನ್ನು ಸರ್ಜರಿಗೆ ಮುಂಚೆಯೇ ಕೇಳಿ.

ಹೆಜ್ಜೆ 4: ಜಾಗಕ್ಕೆ ಗುರುತು ಹಾಕಿಸಿ

ನನ್ನ ಪ್ರಕಾರ ಇಡೀ ಲೇಖನದಲ್ಲಿ ಇದೇ ಮುಖ್ಯ ಭಾಗ. ಮೊದಲೇ ಗೊತ್ತಿರುವ ಸರ್ಜರಿಯಲ್ಲಿ, ಹಿಂದಿನ ದಿನವೋ ಅದಕ್ಕೂ ಮೊದಲೋ, ಸರ್ಜನ್ ಅಥವಾ ತರಬೇತಿ ಇರುವ ನರ್ಸ್ ಹೊಟ್ಟೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಜಾಗ ಗುರುತು ಮಾಡಬೇಕು. ಗುರುತು ಮಾಡುವುದು ಮಂಚದ ಮೇಲೆ ಮಲಗಿಸಿ ಮಾತ್ರ ಆಗಬಾರದು. ಮಲಗಿದಾಗ ಹೊಟ್ಟೆ ಚಪ್ಪಟೆ. ಕೂತಾಗ, ಬಗ್ಗಿದಾಗ ಮಡಿಕೆ ಬೀಳುತ್ತದೆ. ಮಡಿಕೆಯೊಳಗೆ ಸ್ಟೋಮಾ ಬಂದರೆ ಬ್ಯಾಗ್ ಅಂಟಿ ನಿಲ್ಲುವುದಿಲ್ಲ, ಜೀವನ ಪೂರ್ತಿ ಸೋರುವ ಕಾಟ. ಹೊಕ್ಕುಳು, ಹಳೆ ಗಾಯದ ಕಲೆ, ಎಲುಬಿನ ಅಂಚುಗಳಿಂದ ದೂರ ಇರಬೇಕು. ಮತ್ತೆ ನಿಮ್ಮ ಕಣ್ಣಿಗೆ ಕಾಣಬೇಕು, ಇಲ್ಲದಿದ್ದರೆ ಬ್ಯಾಗ್ ಬದಲಾಯಿಸುವುದು ಹೇಗೆ?

ಪುಸ್ತಕದಲ್ಲಿ ಕೂರುವುದು ಎಂದರೆ ಕುರ್ಚಿಯಲ್ಲಿ. ನಮ್ಮಲ್ಲಿ ಹಾಗಲ್ಲ. ಗುರುತು ಮಾಡುವವರಿಗೆ ನಿಮ್ಮ ದಿನ ಹೇಗಿರುತ್ತದೆ ಎಂದು ಹೇಳಿ, ಮಾಡಿಯೂ ತೋರಿಸಿ:

ನೆಲದ ಮೇಲೆ ಕೂತು ಊಟ ಮಾಡುವ ಹಾಗೆ ಕೂರಿ. ಬೀಡಿ ಕಟ್ಟುವವರಾದರೆ ಮಡಿಲಲ್ಲಿ ಗೆರಸೆ (ಮೊರ) ಇಟ್ಟುಕೊಂಡ ಹಾಗೆ ಬಗ್ಗಿ, ಗೆರಸೆಯ ಅಂಚು ಹೊಟ್ಟೆಗೆ ಎಲ್ಲಿ ತಾಗುತ್ತದೆ ಎಂದು ತೋರಿಸಿ. ಪಂಚೆ, ಲುಂಗಿ ಎಲ್ಲಿ ಕಟ್ಟುತ್ತೀರಿ, ಸೀರೆಯ ಒಳಲಂಗದ ಲಾಡಿ ಎಲ್ಲಿ ಬರುತ್ತದೆ, ಅಲ್ಲಿ ಗೆರೆ ಎಳೆಸಿ. ಆ ಗೆರೆಯ ಮೇಲೆ ಸ್ಟೋಮಾ ಬರಬಾರದು. ಆಟೋ ಓಡಿಸುವವರು ಕೂರುವ ಭಂಗಿ ತೋರಿಸಿ. ದೇವಸ್ಥಾನಗಳಿಗೆ ಜಾಸ್ತಿ ಹೋಗುವ ಗಂಡಸರು ಅದನ್ನೂ ಹೇಳಿ. ಉಡುಪಿ ಕೃಷ್ಣಮಠದಲ್ಲಿ ಅಂಗಿ ತೆಗೆದು ಒಳಗೆ ಹೋಗಬೇಕಲ್ವಾ? ಸ್ಟೋಮಾ ಸೊಂಟದ ಗೆರೆಗಿಂತ ಕೆಳಗೆ ಬಂದರೆ ಬ್ಯಾಗ್ ಪಂಚೆಯೊಳಗೆ ಹೋಗುತ್ತದೆ. ಮೇಲೆ ಬಂದರೆ ಶಲ್ಯವನ್ನು ಸೊಂಟಕ್ಕೆ ಸುತ್ತಿಕೊಳ್ಳುವುದೇ ದಾರಿ. ಎಲ್ಲ ಕೇಳಿಯೂ ಒಳಗಿನ ಕಾರಣಕ್ಕೆ ಸರ್ಜನ್ ಬೇರೆ ಜಾಗ ಆರಿಸಬೇಕಾಗಬಹುದು. ಆದರೆ ಹೇಳದಿದ್ದರೆ ಅವರಿಗೆ ಗೆರಸೆಯ ವಿಷಯ ಗೊತ್ತಾಗುವುದಾದರೂ ಹೇಗೆ?

ಹೆಜ್ಜೆ 5: ಮನೆಗೆ ಹೋಗುವ ಮೊದಲು ನಿಮ್ಮ ಕೈಯಲ್ಲೇ ಬದಲಾಯಿಸಿ

ಮಗಳು ಕಲಿತಿದ್ದಾಳೆ, ಹೆಂಡತಿ ನೋಡಿಕೊಂಡಿದ್ದಾಳೆ ಎಂದು ಬಿಡಬೇಡಿ. ಕೈ, ಕಣ್ಣು ಸರಿ ಇರುವವರು ಡಿಸ್ಚಾರ್ಜ್ ಆಗುವ ಮೊದಲು ಸಿಸ್ಟರ್ ಎದುರು ಒಂದು ಸಲವಾದರೂ ತಾವೇ ಮಾಡಬೇಕು. ಬ್ಯಾಗ್ ಎರಡು ಬಗೆ. ಅಂಟುವ ಭಾಗ ಮತ್ತು ಚೀಲ ಒಟ್ಟಿಗೇ ಇರುವುದು ಒಂದು. ಫ್ಲೇಂಜ್ ಎನ್ನುವ ಅಂಟುವ ಬಿಲ್ಲೆ ಬೇರೆ, ಅದಕ್ಕೆ ಸಿಕ್ಕಿಸುವ ಚೀಲ ಬೇರೆ ಇರುವುದು ಇನ್ನೊಂದು. ಕೆಲಸದ ಕ್ರಮ ಹೀಗೆ:

1. ಬೆಳಿಗ್ಗೆ ತಿಂಡಿಗೆ ಮುಂಚೆ ಮಾಡಿ, ಆಗ ಹೊರಗೆ ಬರುವುದು ಕಡಿಮೆ. ಹೊಸ ಬ್ಯಾಗ್, ಕತ್ತರಿ, ಒದ್ದೆ ಬಟ್ಟೆ, ಒಣ ಬಟ್ಟೆ, ಕಸದ ಕವರ್ ಎಲ್ಲ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.
2. ಹಳೆಯದನ್ನು ಖಾಲಿ ಮಾಡಿ. ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು, ಮೇಲಿಂದ ಕೆಳಗೆ ಮೆಲ್ಲಗೆ ಬಿಡಿಸಿ. ಎಳೆದು ಕೀಳಬೇಡಿ.
3. ತೆಗೆದ ಫ್ಲೇಂಜಿನ ಹಿಂಭಾಗ ನೋಡಿ. ಯಾವ ಕಡೆ ಕರಗಿದೆಯೋ ಆ ಕಡೆಯಿಂದ ಸೋರಲು ಶುರುವಾಗಿದೆ.
4. ಬೆಚ್ಚಗಿನ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಡೆಟಾಲ್, ಸ್ಪಿರಿಟ್ ಬೇಡ.
5. ಸ್ಟೋಮಾದ ಅಳತೆಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ತೂತು ಕತ್ತರಿಸಿ. ತೂತು ದೊಡ್ಡದಾದರೆ ಚರ್ಮ ಸುಡುತ್ತದೆ.
6. ಅಂಟಿಸಿ, ಅಂಗೈ ಬಿಸಿಯಲ್ಲಿ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ.

ಸರ್ಜರಿಯ ನಂತರದ ಆರು ಎಂಟು ವಾರಗಳಲ್ಲಿ ಸ್ಟೋಮಾ ಕುಗ್ಗುತ್ತಾ ಹೋಗುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ಅಳತೆಯಲ್ಲೇ ತಿಂಗಳುಗಟ್ಟಲೆ ಕತ್ತರಿಸುತ್ತಿರುವವರೇ ಚರ್ಮ ಹುಣ್ಣಾಗಿ ಬರುವುದು. ವಾರಕ್ಕೊಮ್ಮೆ ಅಳೆಯಿರಿ.

ತೆಂಗಿನೆಣ್ಣೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಚರ್ಮ ಕೆಂಪಾದ ಕೂಡಲೇ ಅಮ್ಮಂದಿರು ಎಣ್ಣೆ ಹಚ್ಚುತ್ತಾರೆ. ಸ್ಟೋಮಾದ ಸುತ್ತ ಎಣ್ಣೆ, ಕ್ರೀಮ್, ಸಾಮಾನ್ಯ ಪೌಡರ್ ಯಾವುದು ಹಚ್ಚಿದರೂ ಬ್ಯಾಗ್ ಹಿಡಿಯುವುದಿಲ್ಲ, ಸೋರುತ್ತದೆ, ಚರ್ಮ ಇನ್ನಷ್ಟು ಕೆಡುತ್ತದೆ. ಇದಕ್ಕೆಂದೇ ಸ್ಟೋಮಾ ಪೌಡರ್ ಸಿಗುತ್ತದೆ, ಸ್ವಲ್ಪ ಉದುರಿಸಿ ಜಾಸ್ತಿ ಆದದ್ದನ್ನು ಒರೆಸಿಬಿಡಬೇಕು. ದೀಪಾವಳಿಯ ಎಣ್ಣೆ ಸ್ನಾನ ಮಾಡಬಹುದು. ತಲೆ, ಕೈಕಾಲಿಗೆ ಹಚ್ಚಿ, ಹೊಟ್ಟೆ ಬಿಡಿ. ಸ್ನಾನವನ್ನು ಬ್ಯಾಗ್ ಇಟ್ಟುಕೊಂಡೂ ಮಾಡಬಹುದು, ತೆಗೆದೂ ಮಾಡಬಹುದು. ನೀರು ಒಳಗೆ ಹೋಗುವುದಿಲ್ಲ.

ಬ್ಯಾಗ್ ಮೂರನೇ ಒಂದು ಭಾಗ ತುಂಬಿದಾಗ ಖಾಲಿ ಮಾಡಿ, ತುಂಬಿ ಜೋತುಬೀಳುವವರೆಗೆ ಕಾಯಬೇಡಿ. ನೆಲಮಟ್ಟದ ಕಕ್ಕಸಿರುವ ಮನೆಗಳಲ್ಲಿ ಬಗ್ಗಿ ಖಾಲಿ ಮಾಡುವುದು ಕಷ್ಟ. ಸಣ್ಣ ಸ್ಟೂಲ್ ಹಾಕಿ ಕೂರಿ, ಇಲ್ಲವೇ ಇದಕ್ಕೆಂದೇ ಒಂದು ಮಗ್ ಇಟ್ಟುಕೊಳ್ಳಿ. ಖಾಲಿ ಮಾಡಿದ ಹಳೇ ಬ್ಯಾಗನ್ನು ಪೇಪರಿನಲ್ಲಿ ಸುತ್ತಿ, ಡಯಾಪರ್ ಕಸದ ಜೊತೆ ಕೊಡಿ. ಕಕ್ಕಸಿಗೆ ಹಾಕಿ ನೀರು ಬಿಡಬೇಡಿ.

ಗುದದ್ವಾರ ಉಳಿದವರಿಗೆ ಅಲ್ಲಿಂದ ಆಗಾಗ ಲೋಳೆ ಬರುತ್ತದೆ. ತೆಗೆದುಹಾಕಿದವರಿಗೂ ಎರಡಕ್ಕೆ ಹೋಗಬೇಕು ಅನ್ನಿಸುವುದುಂಟು. ಎರಡೂ ಸಹಜ. ಈ ಒಂದು ಮಾತನ್ನು ಯಾರೂ ಮೊದಲೇ ಹೇಳದೆ, ಏನೋ ತಪ್ಪಾಗಿದೆ ಎಂದು ಒಳಗೊಳಗೇ ಹೆದರಿ ಕೂತವರು ಎಷ್ಟೋ ಜನ.

ಹೆಜ್ಜೆ 6: ಊಟ

ಕೊಲಾಸ್ಟಮಿಯವರಿಗೆ ಹೇಳುವುದು ಕಡಿಮೆ. ಕೆಲವು ವಾರ ಮೆತ್ತಗೆ ಉಂಡು, ಮೆಲ್ಲಮೆಲ್ಲನೆ ಮೊದಲಿನ ಊಟಕ್ಕೆ ಬನ್ನಿ. ಮಲಬದ್ಧತೆ ಆಗದಂತೆ ನೀರು, ತರಕಾರಿ ಇರಲಿ. ಹುರುಳಿ, ಅಲಸಂಡೆ, ಕ್ಯಾಬೇಜ್, ಸೋಡಾಗಳಿಂದ ಗ್ಯಾಸ್ ಜಾಸ್ತಿ. ಮೀನು, ಮೊಟ್ಟೆ, ಈರುಳ್ಳಿಯಿಂದ ಖಾಲಿ ಮಾಡುವಾಗ ವಾಸನೆ ಜಾಸ್ತಿ. ಅದಕ್ಕೆಂದು ಬೂತಾಯಿ, ಬಂಗುಡೆ ಬಿಡಬೇಕಾಗಿಲ್ಲ. ಮದುವೆಗೆ ಹೋಗುವ ಹಿಂದಿನ ದಿನ ಬಿಟ್ಟರೆ ಸಾಕು.

ಇಲಿಯಾಸ್ಟಮಿಯವರು ಗಮನವಿಟ್ಟು ಓದಿ. ನೀರು, ಉಪ್ಪು ಹೀರಿಕೊಳ್ಳುವ ದೊಡ್ಡ ಕರುಳು ಈಗ ದಾರಿಯಲ್ಲಿಲ್ಲ. ಹಾಗಾಗಿ ಎರಡೂ ಬ್ಯಾಗಿಗೆ ಹೋಗಿಬಿಡುತ್ತವೆ. ಸುಸ್ತಾಯಿತೆಂದು ಬರೀ ನೀರು ಚೆಂಬುಗಟ್ಟಲೆ ಕುಡಿದರೆ ಬ್ಯಾಗ್ ಇನ್ನೂ ಬೇಗ ತುಂಬುತ್ತದೆ, ಉಪ್ಪು ಇನ್ನೂ ಹೋಗುತ್ತದೆ. ಎಳನೀರಿನಲ್ಲೂ ಪೊಟ್ಯಾಸಿಯಂ ಜಾಸ್ತಿ, ಬೇಕಾದ ಸೋಡಿಯಂ ಕಡಿಮೆ. ನಮ್ಮ ಗಂಜಿ ಇದಕ್ಕೆ ಹೇಳಿ ಮಾಡಿಸಿದ್ದು. ಅನ್ನದ ಪಿಷ್ಟ, ತಿಳಿಯ ನೀರು, ಉಪ್ಪು, ಮೂರೂ ಒಟ್ಟಿಗೆ. ಸೆಕೆಯಲ್ಲಿ ಬೆವರಿದ ದಿನ, ಬ್ಯಾಗಿಗೆ ನೀರಾಗಿ ಬರುವ ದಿನ ಓಆರ್‌ಎಸ್ ಕುಡಿಯಿರಿ, ಪ್ಯಾಕೆಟ್ ಮೇಲೆ ಬರೆದಷ್ಟೇ ನೀರು ಹಾಕಿ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ಉಪ್ಪಿನ ಲೆಕ್ಕವನ್ನು ಡಾಕ್ಟರ್ ಹತ್ತಿರ ಕೇಳಿಕೊಳ್ಳಿ.

ಇನ್ನೊಂದು ಅಪಾಯ, ದಾರಿ ಕಟ್ಟುವುದು. ನಾರು ಗಂಟಾಗಿ ಸ್ಟೋಮಾದ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಅಡುಗೆಮನೆಯಲ್ಲಿ ಅನುಮಾನಿಸಬೇಕಾದವು ಕಣಿಲೆ (ಎಳೆ ಬಿದಿರು), ಅಣಬೆ, ಗುಜ್ಜೆ (ಎಳೆ ಹಲಸು), ಅನಾನಸು, ಬಸಳೆಯ ದಂಟು, ಇಡೀ ಗೇರುಬೀಜ, ಜೋಳ, ಪಲ್ಯದ ಮೇಲೆ ಉದುರಿಸುವ ಕಾಯಿತುರಿ. ಮಸಾಲೆಗೆ ನುಣ್ಣಗೆ ರುಬ್ಬಿದ ಕಾಯಿ, ಕಾಯಿಹಾಲು ಅಷ್ಟು ತೊಂದರೆ ಕೊಡುವುದಿಲ್ಲ. ಗಂಜಿಗೆ ಮಿಡಿ ಉಪ್ಪಿನಕಾಯಿಯ ರಸ ಸಾಕು, ಮಿಡಿ ಬೇಡ. ಮೊದಲ ಆರು ವಾರ ಬೆಳ್ತಿಗೆ ಅನ್ನ, ನೀರುದೋಸೆ, ಮೊಸರು, ಬಾಳೆಹಣ್ಣುಗಳಲ್ಲಿ ಕಳೆಯಿರಿ. ಆಮೇಲೆ ಕುಚ್ಚಲಕ್ಕಿಯನ್ನು ಚೆನ್ನಾಗಿ ಬೇಯಿಸಿ ಶುರು ಮಾಡಿ. ಹೊಸದನ್ನು ದಿನಕ್ಕೊಂದೇ, ಸ್ವಲ್ಪವೇ, ಚೆನ್ನಾಗಿ ಜಗಿದು ತಿನ್ನಿ.

ಮಾತ್ರೆ ಇಡಿಯಾಗಿ ಬ್ಯಾಗಿನಲ್ಲಿ ಕಂಡರೆ ಡಾಕ್ಟರಿಗೆ ಹೇಳಿ, ಅದು ಮೈಗೆ ಹಿಡಿದಿಲ್ಲ. ಹೊಟ್ಟೆ ಸಾಫಾಗಲಿ, ಭೇದಿಯಾಗಲಿ ಎಂದು ತೆಗೆದುಕೊಳ್ಳುವ ಮಾತ್ರೆ ಇಲಿಯಾಸ್ಟಮಿಯವರಿಗೆ ಯಾವ ಕಾರಣಕ್ಕೂ ಅಲ್ಲ. ನೀರೂ ಕುಡಿಯದ ಏಕಾದಶಿ, ರಂಜಾನ್ ಉಪವಾಸ ಇವರಿಗೆ ಅಪಾಯ. ಮೊದಲು ಡಾಕ್ಟರ್, ಆಮೇಲೆ ನಿಮ್ಮ ಗುರುಗಳೋ ಉಸ್ತಾದರೋ, ಆ ಕ್ರಮದಲ್ಲಿ ಕೇಳಿ. ಬೀಟ್‌ರೂಟ್ ತಿಂದ ಮರುದಿನ ಬ್ಯಾಗ್ ಕೆಂಪಾದರೆ ಗಾಬರಿ ಬೇಡ.

ಯುರಾಸ್ಟಮಿಯವರು ನೀರು ಚೆನ್ನಾಗಿ ಕುಡಿಯಬೇಕು. ಮೂತ್ರದಲ್ಲಿ ಬಿಳಿ ಲೋಳೆ ಸಹಜ. ರಾತ್ರಿಗೆ ದೊಡ್ಡ ಬ್ಯಾಗಿಗೆ ಪೈಪ್ ಸಿಕ್ಕಿಸಿಕೊಂಡು ಮಲಗಿದರೆ ಮಧ್ಯೆ ಏಳಬೇಕಾಗಿಲ್ಲ.

ಹೆಜ್ಜೆ 7: ಸೆಕೆ, ಪ್ರಯಾಣ, ಕೆಲಸ

ಪ್ಯಾಕೆಟ್ ಮೇಲೆ ಏನೇ ಬರೆದಿರಲಿ, ಕರಾವಳಿಯ ಏಪ್ರಿಲ್ ಮೇ ಸೆಕೆಯಲ್ಲಿ ಫ್ಲೇಂಜ್ ಬೇಗ ಬಿಡುತ್ತದೆ. ಚಳಿಗಾಲದಲ್ಲಿ ನಾಲ್ಕು ದಿನ ಬಂದದ್ದು ಬೇಸಿಗೆಯಲ್ಲಿ ಎರಡಕ್ಕೇ ಮುಗಿಯಬಹುದು. ಹಾಗೆಂದು ಲೆಕ್ಕ ಹಾಕಿಯೇ ಖರೀದಿ ಮಾಡಿ. ಬ್ಯಾಗ್ ಮತ್ತು ಚರ್ಮದ ನಡುವೆ ತೆಳು ಹತ್ತಿ ಬಟ್ಟೆಯ ಚೀಲ ಹೊಲಿಸಿಕೊಂಡರೆ ಬೆವರು ಕಿರಿಕಿರಿ ಮಾಡುವುದಿಲ್ಲ. ಮಳೆಗಾಲದಲ್ಲಿ ತುರಿಕೆ, ಸಣ್ಣ ಗುಳ್ಳೆ ಬಂದರೆ ಫಂಗಸ್ ಇರಬಹುದು, ಡಾಕ್ಟರಿಗೆ ತೋರಿಸಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬ್ಯಾಗ್ ಇಡಬೇಡಿ, ಅಂಟು ಹಾಳಾಗುತ್ತದೆ.

ಬೆಂಗಳೂರಿಗೆ ಹೋಗುವುದಿದ್ದರೆ ಮೊದಲ ಸಲ ರೈಲೇ ವಾಸಿ, ಕಕ್ಕಸು ಒಳಗೇ ಇರುತ್ತದೆ. ಶಿರಾಡಿ ಘಾಟಿಯಲ್ಲಿ ಬಸ್ ಸಿಕ್ಕಿಹಾಕಿಕೊಂಡರೆ ಎಷ್ಟು ಹೊತ್ತು ಎಂದು ದೇವರಿಗೇ ಗೊತ್ತು. ಬಸ್ಸೇ ಆದರೆ ಘಾಟಿ ಹತ್ತುವ ಮುಂಚೆ ಖಾಲಿ ಮಾಡಿಕೊಳ್ಳಿ. ಮೊದಲೇ ಕತ್ತರಿಸಿದ ಎರಡು ಬ್ಯಾಗ್, ನೀರಿನ ಬಾಟಲಿ, ಕವರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಬಜ್ಪೆಯಿಂದ ವಿಮಾನ ಹತ್ತುವವರೂ ಇವನ್ನು ಲಗೇಜಿಗೆ ಹಾಕಬೇಡಿ.

ಆರರಿಂದ ಎಂಟು ವಾರ ಭಾರ ಎತ್ತಬಾರದು. ತುಂಬಿದ ಕೊಡಪಾನ, ಮೀನಿನ ಬುಟ್ಟಿ, ಗ್ಯಾಸ್ ಸಿಲಿಂಡರ್ ಎಲ್ಲ ಭಾರವೇ. ಎತ್ತಿದರೆ ಸ್ಟೋಮಾದ ಪಕ್ಕ ಹರ್ನಿಯಾ ಬರಬಹುದು. ಆಮೇಲೆಯೂ ಅಡಿಕೆ, ತೆಂಗಿನ ಮರ ಹತ್ತುವ ಕೆಲಸಕ್ಕೆ ಡಾಕ್ಟರ್ ಒಪ್ಪಿಗೆ ಬೇಕು.

ಖರ್ಚಿನ ವಿಷಯ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ, ಸರ್ಜರಿಗೆ ಮುಂಚೆಯೇ ಆಸ್ಪತ್ರೆಯ ಕೌಂಟರಿನಲ್ಲಿ ಎರಡು ಪ್ರಶ್ನೆ ಕೇಳಿ. ಪ್ಯಾಕೇಜಿನೊಳಗೆ ಏನೆಲ್ಲ ಬರುತ್ತದೆ? ಡಿಸ್ಚಾರ್ಜ್ ಆದ ಮೇಲಿನ ಬ್ಯಾಗಿಗೆ ಏನು ದಾರಿ? ಒಮ್ಮೆಗೇ ಡಬ್ಬಗಟ್ಟಲೆ ಖರೀದಿಸಬೇಡಿ, ಮೊದಲ ಎರಡು ತಿಂಗಳಲ್ಲಿ ಅಳತೆ ಬದಲಾಗುತ್ತದೆ. ಕೊಲೊಪ್ಲಾಸ್ಟ್, ಹಾಲಿಸ್ಟರ್, ಕಾನ್ವಾಟೆಕ್ ಕಂಪನಿಗಳ ಬ್ಯಾಗ್ ಇಲ್ಲಿ ಸಿಗುತ್ತವೆ. ಯಾವುದು ನಿಮ್ಮ ಚರ್ಮಕ್ಕೆ ಹಿಡಿಯುತ್ತದೆ ಎಂದು ಒಂದೊಂದು ತಂದು ನೋಡಿ. ನನಗೆ ಹಿಡಿದದ್ದು ನಿಮಗೆ ಹಿಡಿಯಬೇಕೆಂದಿಲ್ಲ.

ಹೆಜ್ಜೆ 8: ಈಗ ನೀವು ಇನ್ನೊಬ್ಬರ ಹತ್ತಿರ ಹೋಗುವಾಗ

ನಿಮ್ಮ ಬ್ಯಾಗಿನ ಚಿಂತೆ ನಿಮಗೇ ಮುಗಿದಿಲ್ಲ ಎಂದಾದರೆ ಇನ್ನೂ ಸ್ವಲ್ಪ ಕಾಲ ಕಾಯಿರಿ. ಮುಗಿದಿದ್ದರೆ ನಿಮ್ಮ ಡಾಕ್ಟರಿಗೆ ಹೇಳಿಡಿ, ಅವರು ಕರೆಯುತ್ತಾರೆ.

ಹೋದಾಗ ಕೂತು ಕೇಳಿ. "ಏನೂ ಆಗುವುದಿಲ್ಲ ಮಾರಾಯ್ರೇ, ಧೈರ್ಯವಾಗಿರಿ" ಎಂದು ಬೆನ್ನು ತಟ್ಟಲು ನೆಂಟರು ಸಾಕಷ್ಟು ಇದ್ದಾರೆ. ನಿಮ್ಮಿಂದ ಬೇಕಾದ್ದು ನಿಜ. ಮೊದಲ ತಿಂಗಳು ಕಷ್ಟ, ಒಂದೆರಡು ಸಲ ಹಾಸಿಗೆ ಒದ್ದೆಯಾಗುತ್ತದೆ, ಆಮೇಲೆ ಕೈ ಕೂರುತ್ತದೆ ಎಂದು ಹೇಳಿ. ಅವರ ಕ್ಯಾನ್ಸರ್ ಯಾವ ಹಂತ, ಎಷ್ಟು ವರ್ಷ ಬದುಕುತ್ತಾರೆ ಎಂಬ ಮಾತಿಗೆ ಹೋಗಬೇಡಿ. ಯಾವ ಸರ್ಜನ್ ಒಳ್ಳೆಯವರು ಎಂದು ತೂಗಬೇಡಿ. ಮಾತ್ರೆ ಹೆಸರು ಹೇಳಬೇಡಿ. ಬ್ಯಾಗ್ ಕಂಪನಿಯಿಂದ ಕಮಿಷನ್ ತೆಗೆದುಕೊಳ್ಳುವವರು ಈ ಕೆಲಸಕ್ಕೆ ಬರಲೇಬಾರದು, ಇದರಲ್ಲಿ ನನಗೆ ರಾಜಿ ಇಲ್ಲ. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು, ನಿಮ್ಮ ಮನೆಯವರಿಗೂ ಹೆಸರು ಹೇಳಬೇಡಿ. ದಾರಿಯಲ್ಲಿ ಸಿಕ್ಕಿದಾಗ ಅವರಾಗಿ ಮಾತಾಡಿಸದೆ ನೀವು ಮಾತಾಡಿಸಬೇಡಿ, ಜೊತೆಗಿರುವವರು "ಇವರು ಯಾರು, ಹೇಗೆ ಪರಿಚಯ?" ಎಂದು ಕೇಳಿದರೆ ಅವರು ಏನು ಹೇಳಬೇಕು? ಒಬ್ಬರು ಊಟ ಬಿಟ್ಟು, ಮಾತು ಬಿಟ್ಟು, ಬದುಕೇ ಬೇಡ ಎನ್ನುತ್ತಿದ್ದರೆ ಅದನ್ನು ನೀವೊಬ್ಬರೇ ಹೊರಬೇಡಿ. ಮನೆಯವರಿಗೆ, ಡಾಕ್ಟರಿಗೆ ಅದೇ ದಿನ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ, ಕನ್ನಡದಲ್ಲಿ ಮಾತಾಡುತ್ತಾರೆ.

ಇವು ಕಂಡರೆ ನಿಮ್ಮ ಅನುಭವ ಹೇಳುತ್ತ ಕೂರಬೇಡಿ, ಆಸ್ಪತ್ರೆಗೆ ಕಳಿಸಿ. ಸ್ಟೋಮಾ ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ. ಇಲಿಯಾಸ್ಟಮಿಯಲ್ಲಿ ನಾಲ್ಕಾರು ಗಂಟೆ ಏನೂ ಬಾರದೆ ಹೊಟ್ಟೆ ಹಿಂಡಿ ವಾಂತಿಯಾದರೆ. ದಿನಕ್ಕೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರಾಗಿ ಹೋಗಿ ತಲೆ ತಿರುಗಿದರೆ, ಮೂತ್ರ ಕಡಿಮೆಯಾದರೆ. ರಕ್ತ ನಿಲ್ಲದಿದ್ದರೆ. ಕರುಳು ಇದ್ದಕ್ಕಿದ್ದಂತೆ ಉದ್ದ ಹೊರಬಂದರೆ. ಯುರಾಸ್ಟಮಿಯವರಿಗೆ ಚಳಿ ಜ್ವರ ಬಂದರೆ.

ಐದಾರು ಜನ ಪರಿಚಯವಾದ ಮೇಲೆ ತಿಂಗಳಿಗೊಮ್ಮೆ ಒಟ್ಟಿಗೆ ಸೇರಬಹುದು. ಹೆಸರು, ಬೋರ್ಡು, ಪದಾಧಿಕಾರಿಗಳು ಯಾವುದೂ ಬೇಡ. ಮೂರು ವರ್ಷಕ್ಕೊಮ್ಮೆ ಅಕ್ಟೋಬರ್ ಮೊದಲ ಶನಿವಾರ ಸ್ಟೋಮಾ ಇರುವವರ ವಿಶ್ವ ಆಸ್ಟಮಿ ದಿನ ಬರುತ್ತದೆ, 1993ರಿಂದ ನಡೆಯುತ್ತಿದೆ. ಆ ದಿನ ಬೇಕಾದರೆ ಆಸ್ಪತ್ರೆಯವರನ್ನು ಕೇಳಿ ದೊಡ್ಡದಾಗಿ ಮಾಡಿ. ಉಳಿದ ತಿಂಗಳುಗಳಿಗೆ ಬಸ್‌ಸ್ಟ್ಯಾಂಡಿಗೆ ಹತ್ತಿರದ ಒಂದು ಕೋಣೆ ಸಾಕು. ಕೋಣೆ ನೋಡಲು ಹೋದಾಗ ಕುರ್ಚಿ, ಫ್ಯಾನ್ ಆಮೇಲೆ ನೋಡಿ. ಮೊದಲು ಕಕ್ಕಸಿನ ಬಾಗಿಲು ತೆರೆಯಿರಿ. ಚಿಲಕ ಸರಿ ಉಂಟಾ, ನಲ್ಲಿಯಲ್ಲಿ ನೀರು ಬರುತ್ತದಾ, ಚೀಲ ನೇತುಹಾಕಲು ಮೊಳೆ ಉಂಟಾ, ಕಸದ ಬುಟ್ಟಿ ಉಂಟಾ ಎಂದು ನೋಡಿ.